ಹುಣಸೆ ತೋಪು ನೋಡದೆ ಸುತ್ತುವ ವಿಧಾನ

ವೈಟ್‌ಫೀಲ್ಡಿನಿಂದ ಹೊರಡುವವರು ಮೊದಲು ಬಿಸಿಲು ಏರಲು ಬಿಡಿ. ಆರಕ್ಕೇ ಹೊರಟರೆ ತೋಪಿನಲ್ಲಿ ತಂಪಿರುತ್ತದೆ, ಹಕ್ಕಿಗಳಿರುತ್ತವೆ. ಎರಡೂ ಫೋನ್ ಮಾತಿಗೆ ಅಡ್ಡಿ. ಮಸಾಲೆ ದೋಸೆ, ಬೈಟು ಕಾಫಿ ಮುಗಿಸಿ, ಬೂದಿಗೆರೆ ಕ್ರಾಸಿನ ಜಾಮಿನಲ್ಲಿ ಆಫೀಸಿನ ಕಾಲ್ ಒಂದನ್ನು ವಿಲೇವಾರಿ ಮಾಡಿ, ದೇವನಹಳ್ಳಿ ಬಳಿಯ ನಲ್ಲೂರಿಗೆ ನಡುಮಧ್ಯಾಹ್ನ ತಲುಪಿ.

ಫಲಕ ಕಂಡರೆ ಓದಬೇಡಿ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು, 54 ಎಕರೆಯಲ್ಲಿ ಸುಮಾರು 300 ಮರಗಳಿವೆ, ಚೋಳರ ಕಾಲದವು ಅನ್ನುತ್ತಾರೆ ಊರವರು. ಇಷ್ಟು ತಿಳಿದರೆ ಸಾಕು, ಕಾಲು ನಿಧಾನವಾಗುತ್ತದೆ. ವಾಚಿನಲ್ಲಿ ಹೆಜ್ಜೆ ಏರುವುದಿಲ್ಲ.

ಇಲ್ಲಿ ಕಡಿದಾದ ಏರಿಲ್ಲ, ಅಜ್ಜಿಯೂ ನಡೆಯಬಹುದು. ಆದ್ದರಿಂದಲೇ ಅಜ್ಜಿಯನ್ನು ಕಾರಿನಲ್ಲಿ ಬಿಡಿ. ಗಾಜು ನಾಲ್ಕು ಬೆರಳು ಇಳಿಸಿರಿ. ಕರೆತಂದರೆ ಬಿದ್ದ ಕಾಯಿ ಎತ್ತಿ, ಸಿಪ್ಪೆ ಒಡೆದು, ನಾಲಿಗೆಗೆ ಹಚ್ಚಿ, ‘ಇದು ಗೊಜ್ಜಿಗೆ ಆಗುತ್ತೆ ಕಣೋ’ ಎಂದು ಮರಮರಕ್ಕೂ ನಿಲ್ಲುತ್ತಾರೆ. ನೀವು ಟ್ರೆಕ್ಕಿಂಗ್ ಶೂಗೆ ಸುರಿದ ದುಡ್ಡು ದಂಡ.

ಈಗ ಮರದ ವಿಷಯ. ಹಳೆಯ ಹುಣಸೆಯ ಕಾಂಡ ಹಗ್ಗ ಹೊಸೆದಂತೆ ತಿರುಚಿಕೊಂಡಿರುತ್ತದೆ, ನಡುವೆ ಪೊಟರೆ. ಒಳಗೆಲ್ಲ ಟೊಳ್ಳು, ತುದಿಯಲ್ಲಿ ಚಿಗುರು. ಜೀವ ಇರುವುದು ತೊಗಟೆಯ ಕೆಳಗಿನ ತೆಳು ಪದರದಲ್ಲಿ. ನಡುವಿನ ತಿರುಳು ಹೋದರೆ ಮರ ತಲೆ ಕೆಡಿಸಿಕೊಳ್ಳುವುದಿಲ್ಲ. ಹಾಗಾಗಿ ಹೆಸರು ಕೆತ್ತುವವರು ತೊಗಟೆಯನ್ನೇ ಆರಿಸಿಕೊಳ್ಳಿ. ಸತ್ತ ಕಟ್ಟಿಗೆಯ ಮೇಲೆ ಕೆತ್ತಿ ಏನು ಬಂತು? ಕಾರಿನ ಕೀಲಿ ಹಿಡಿಯಿರಿ, ಅಕ್ಷರ ಆಳಕ್ಕಿಳಿಯುತ್ತದೆ. ಇಬ್ಬರ ಹೆಸರಿನ ನಡುವೆ ಹೃದಯ ಬರೆಯಿರಿ. ಜೋಡಿ ಬದಲಾದರೆ ಪಕ್ಕದಲ್ಲೇ ಬೇಕಾದಷ್ಟು ಜಾಗವಿದೆ.

ಮುಂದೆ, ಪೊಟರೆಯೊಳಗೆ ನುಸುಳಿ ರೀಲ್ ಮಾಡಿ. ಅಡಿಬರಹಕ್ಕೆ ತಡಕಾಡಬೇಡಿ, ‘ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ’ ಇದ್ದೇ ಇದೆ, ನಲವತ್ತು ದಾಟಿದ ಮ್ಯಾನೇಜರುಗಳು ಲೈಕ್ ಒತ್ತುತ್ತಾರೆ. ಹೂ ಬಿಟ್ಟ ಕಾಲವಾದರೆ ಕೊಂಬೆಯ ಹತ್ತಿರ ಹೋಗಬೇಡಿ. ತಿಳಿಹಳದಿ ಎಸಳಿನ ಮೇಲಿನ ಕೆಂಪು ಗೆರೆ ಕಾಣಬೇಕಾದರೆ ಮುಖ ಹತ್ತಿರ ಒಯ್ದು ಸುಮ್ಮನೆ ನಿಲ್ಲಬೇಕು. ಅಷ್ಟು ಪುರುಸೊತ್ತು ಯಾರಿಗಿದೆ?

ಊಟದ ತಟ್ಟೆ, ನೀರಿನ ಬಾಟಲಿಗಳನ್ನು ಬೇರಿನ ಸಂದಿಗೆ ತುರುಕಿ. ಬಯಲಲ್ಲಿ ಬಿಸಾಡುವುದು ಅನಾಗರಿಕತೆ.

ಹೊತ್ತು ಮುಳುಗುವ ಮೊದಲು ಜಾಗ ಖಾಲಿ ಮಾಡಿ. ಹುಣಸೆಮರದ ದೆವ್ವವನ್ನು ನಂಬದವರು ಹೊಸಕೋಟೆಯ ಟ್ರಾಫಿಕ್ಕನ್ನಾದರೂ ನಂಬಿ. ದಾರಿಯಲ್ಲಿ ಅಜ್ಜಿ ಸಾರಿಗೆ ಹುಳಿ ಮುಗಿದಿದೆ ಎಂದರೆ ಆ್ಯಪಿನಲ್ಲಿ ಅರ್ಧ ಕಿಲೋ ಹುಣಸೆಹಣ್ಣು ಒತ್ತಿ, ಬೀಜ ತೆಗೆದದ್ದು.