ಸ್ಯಾಂಪಲ್ ಸಣ್ಣದಿದೆ

ಶಿವಮೊಗ್ಗದಲ್ಲಿ ಯಾರಾದರೂ ‘ನಮ್ಮ ಡಾಕ್ಟ್ರು’ ಅಂದರೆ ಅದು ಪೆಥಾಲಜಿ ಡಾಕ್ಟರಂತೂ ಆಗಿರುವುದಿಲ್ಲ. ನಮ್ಮ ಡಾಕ್ಟ್ರು ಅಂದರೆ ಎದೆಗೆ ಸ್ಟೆತಾಸ್ಕೋಪು ಇಟ್ಟು ‘ಉಸಿರು ಎಳ್ಕೊಳ್ಳಿ’ ಅನ್ನುವವರು, ಹೆರಿಗೆ ಮಾಡಿಸುವವರು, ಕೊನೇಪಕ್ಷ ಹಲ್ಲು ಕೀಳುವವರು. ಪೆಥಾಲಜಿ ಡಾಕ್ಟರು ಇವರೆಲ್ಲರ ಹಿಂದೆ, ನರ್ಸಿಂಗ್ ಹೋಮಿನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಕೂತಿರುತ್ತಾರೆ. ಅವರ ಸಹಿ ಬೀಳದೆ ಊರಿನ ಒಂದು ಗಡ್ಡೆಯೂ ಕ್ಯಾನ್ಸರ್ ಅನ್ನಿಸಿಕೊಳ್ಳುವಂತಿಲ್ಲ. ಆದರೆ ಅವರನ್ನು ಕಂಡ ರೋಗಿಗಳು ಕಡಿಮೆ, ಕಂಡವರೂ ‘ಬ್ಲಡ್ ಟೆಸ್ಟಿನವರು’ ಅನ್ನುತ್ತಾರೆ. ಎಂಬಿಬಿಎಸ್ ಮುಗಿಸಿ, ಮೇಲೆ ಮೂರು ವರ್ಷ ಎಂಡಿ ಓದಿದ ಮನುಷ್ಯನಿಗೆ!

ನಾನು ಹೇಳುತ್ತಿರುವ ಡಾಕ್ಟರಿಗೆ ಹೆಸರು ಬೇಡ. ಪ್ರತಿ ಜಿಲ್ಲಾ ಕೇಂದ್ರದಲ್ಲೂ ಇಂಥವರೊಬ್ಬರಿದ್ದಾರೆ. ನಿಮ್ಮೂರಿನವರ ಹೆಸರನ್ನೇ ಇಟ್ಟುಕೊಂಡು ಓದಬಹುದು.

ರೋಗಿಗಳು ಕೊಡದ ಮರ್ಯಾದೆಯನ್ನು ಡಾಕ್ಟರು ಲೆಟರ್‌ಹೆಡ್ಡಿನಿಂದ ವಸೂಲು ಮಾಡಿಕೊಂಡಿದ್ದಾರೆ. ಮೊದಲು ಹೆಸರು, ಅದರ ಪಕ್ಕ ಎಂಬಿಬಿಎಸ್, ಡಿಸಿಪಿ, ಎಂಡಿ. ಕೆಳಗೆ ‘ಕನ್ಸಲ್ಟಂಟ್ ಪೆಥಾಲಜಿಸ್ಟ್’. ಅದರ ಕೆಳಗೆ ವಿಸಿಟಿಂಗ್ ಹೋಗುವ ನರ್ಸಿಂಗ್ ಹೋಮುಗಳು. ಎಡಗಡೆಯ ಅಂಚಿನಲ್ಲಿ ಆಜೀವ ಸದಸ್ಯತ್ವಗಳ ಪಟ್ಟಿ: 1928ರಲ್ಲಿ ಹುಟ್ಟಿದ ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ನು, 1949ರಲ್ಲಿ ಹುಟ್ಟಿದ ಪೆಥಾಲಜಿಸ್ಟ್ ಮತ್ತು ಮೈಕ್ರೋಬಯಾಲಜಿಸ್ಟರ ಅಖಿಲ ಭಾರತ ಸಂಘ, ಆ ಸಂಘದ ಕರ್ನಾಟಕ ಶಾಖೆ, ಸೈಟಾಲಜಿಯವರದ್ದೊಂದು ಅಕಾಡೆಮಿ, ರೆಡ್ ಕ್ರಾಸ್, ರೋಟರಿ. ಇದೆಲ್ಲ ಮುಗಿಯುವ ಹೊತ್ತಿಗೆ ಹಾಳೆಯ ಮೂರನೇ ಒಂದು ಭಾಗ ಖರ್ಚಾಗಿರುತ್ತದೆ. ಅದರ ಕೆಳಗೆ ಬರುವ ರಿಪೋರ್ಟು ಒಂದೂವರೆ ಸಾಲಿನದು. ಅಚ್ಚಾಗದ ಸದಸ್ಯತ್ವ ಇನ್ನೊಂದಿದೆ. ಹೆಂಡತಿಯ ಪಾಲಿಗೆ ಬಂದ ಅಡಿಕೆ ತೋಟದ ಲೆಕ್ಕದಲ್ಲಿ ಡಾಕ್ಟರು ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸಿನ ಷೇರುದಾರರೂ ಹೌದು. ಅದರ ತಾಪತ್ರಯಕ್ಕೆ ಆಮೇಲೆ ಬರುತ್ತೇನೆ.

ಸಂಘಗಳೆಂದ ಮೇಲೆ ಸಮ್ಮೇಳನಗಳು. ಡಾಕ್ಟರ ಮನೆಯಲ್ಲಿ ತರಕಾರಿ ತರುವ ಚೀಲ, ಕರೆಂಟ್ ಬಿಲ್ ಇಡುವ ಚೀಲ, ಮೊಮ್ಮಗಳ ಡಾನ್ಸ್ ಕ್ಲಾಸಿನ ಚೀಲ, ಎಲ್ಲದರ ಮೇಲೂ ಒಂದೊಂದು ಕಾನ್ಫರೆನ್ಸಿನ ಹೆಸರು. ಸಮ್ಮೇಳನದಲ್ಲಿ ಮಾಡುವುದೇನು ಎಂದು ಕೇಳಿದರೆ ‘ಸ್ಲೈಡ್ ಸೆಮಿನಾರ್’ ಅನ್ನುತ್ತಾರೆ. ಒಂದೇ ಗಡ್ಡೆಯ ಸ್ಲೈಡನ್ನು ಎಲ್ಲರಿಗೂ ತೋರಿಸುತ್ತಾರೆ, ಎಲ್ಲರೂ ತಲೆ ಓಡಿಸಿ ಒಂದೊಂದು ಹೆಸರು ಬರೆದುಕೊಡುತ್ತಾರೆ, ಕೊನೆಗೆ ವೇದಿಕೆಯ ಮೇಲಿನ ಹಿರಿಯರು ಬೇರೆಯೇ ಹೆಸರು ಹೇಳುತ್ತಾರೆ. ರೋಗಿ ಯಾರೆಂದು ಗೊತ್ತಿಲ್ಲ, ಬಿಲ್ಲಿಲ್ಲ, ಸರ್ಜನ್ನಿನ ಫೋನಿಲ್ಲ. ಸಂಜೆ ಊಟದ ಹೊತ್ತಿಗೂ ಪ್ಲೇಟು ಹಿಡಿದುಕೊಂಡು ಅದೇ ಗಡ್ಡೆಯ ಜಗಳ. ಇಷ್ಟು ಶುದ್ಧವಾದ ಸುಖ ಬೇರೆ ಯಾವ ಕಸುಬಿನಲ್ಲೂ ಇದ್ದಂತಿಲ್ಲ. ಮೇಲೆ ಮೆಡಿಕಲ್ ಕೌನ್ಸಿಲ್ಲಿನ ಕ್ರೆಡಿಟ್ ಪಾಯಿಂಟು ಬೇರೆ.

ಸಹಿಯ ವಿಷಯದಲ್ಲಿ ಡಾಕ್ಟರ ಗ್ರಹಗತಿ ಬದಲಾದದ್ದು 2017ರ ಡಿಸೆಂಬರಿನಲ್ಲಿ. ಲ್ಯಾಬ್ ರಿಪೋರ್ಟಿಗೆ ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದ ನೋಂದಾಯಿತ ವೈದ್ಯರೇ ಸಹಿ ಹಾಕಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಅಲ್ಲಿಯವರೆಗೆ ದೀಪಾವಳಿಗೆ ಒಂದು ಕ್ಯಾಲೆಂಡರನ್ನೂ ಕೊಡದಿದ್ದ ಲ್ಯಾಬಿನವರೆಲ್ಲ ಸ್ವೀಟ್ ಬಾಕ್ಸ್ ಹಿಡಿದು ಬಂದರು. ‘ಸಾರ್, ನೀವು ಬರೋದೇ ಬೇಡ. ನಿಮ್ಮದೊಂದು ಸಹಿ ಸ್ಕ್ಯಾನ್ ಮಾಡಿ ಕೊಟ್ಬಿಡಿ, ಮಿಕ್ಕಿದ್ದು ನಾವು ನೋಡ್ಕೋತೀವಿ.’ ಡಾಕ್ಟರು ಸ್ವೀಟ್ ಇಟ್ಟುಕೊಂಡು ಸಹಿ ಕೊಡದೆ ಕಳಿಸಿದರು. ನೋಡದ ಸ್ಲೈಡಿಗೆ ಅವರು ಸಹಿ ಹಾಕುವುದಿಲ್ಲ. ಇದೊಂದೇ ಕಾರಣಕ್ಕೆ ಅವರ ಮೇಲೆ ನನಗೆ ಗೌರವ. ಮಿಕ್ಕಂತೆ ತಮಾಷೆಗೇನೂ ಅಡ್ಡಿಯಿಲ್ಲ.

ಇನ್ನು ರಿಪೋರ್ಟಿನ ಭಾಷೆ. ‘ಇದು ಇಂಥ ಕಾಯಿಲೆ’ ಎಂದು ಡಾಕ್ಟರು ಬರೆಯುವುದು ಅಪರೂಪ. ‘ಸಜೆಸ್ಟಿವ್ ಆಫ್’ ಅನ್ನುತ್ತಾರೆ, ಸ್ವಲ್ಪ ಧೈರ್ಯ ಬಂದರೆ ‘ಕನ್ಸಿಸ್ಟೆಂಟ್ ವಿತ್’. ಕಡೆಯಲ್ಲಿ, ಮಂಗಳಾರತಿ ತಪ್ಪಿದರೂ ಇದು ತಪ್ಪುವುದಿಲ್ಲ, ‘ಪ್ಲೀಸ್ ಕೋರಿಲೇಟ್ ಕ್ಲಿನಿಕಲಿ’. ಅಂದರೆ, ನನಗೆ ಕಂಡದ್ದನ್ನು ಹೇಳಿದ್ದೇನೆ, ರೋಗಿಯನ್ನು ಕಂಡವರು ನೀವು, ಹೊಂದಿಸಿ ನೋಡಿಕೊಳ್ಳಿ. ಸರ್ಜನ್ನುಗಳು ಇದನ್ನು ಓದಿ ಹಲ್ಲು ಕಡಿಯುತ್ತಾರೆ. ಆದರೆ ಅವರು ಕಳಿಸುವುದೇನು? ಸಾಸಿವೆ ಕಾಳಿನಷ್ಟು ಮಾಂಸ. ಜೊತೆಯ ಫಾರಮ್ಮಿನಲ್ಲಿ ಕೇಸ್ ಹಿಸ್ಟರಿಯ ಜಾಗ ಖಾಲಿ. ಗಂಡೋ ಹೆಣ್ಣೋ ಎಂಬುದನ್ನು ಹೆಸರಿನ ಮೇಲೆ ಊಹಿಸಬೇಕು. ಫಾರ್ಮಲಿನ್ನಿನಲ್ಲಿ ಹಾಕಬೇಕಾದ ಗಾಲ್‌ಬ್ಲಾಡರನ್ನು ಒಮ್ಮೆ ಹಾರ್ಲಿಕ್ಸ್ ಬಾಟಲಿಯಲ್ಲಿ ನಲ್ಲಿ ನೀರು ತುಂಬಿಸಿ ಕಳಿಸಿದ್ದರಂತೆ. ಬಾಟಲಿಯನ್ನು ವಾಪಸ್ ಕೇಳಿದ್ದರು ಎಂಬುದು ಟೆಕ್ನಿಷಿಯನ್ ಹುಡುಗನ ಸೇರ್ಪಡೆ.

ಅಡಚಣೆ ಏನೆಂದರೆ, ಈ ಭಾಷೆ ಲ್ಯಾಬಿನ ಬಾಗಿಲು ಹಾಕಿದ ಮೇಲೂ ಡಾಕ್ಟರ ಬಾಯಿ ಬಿಟ್ಟು ಹೋಗುವುದಿಲ್ಲ. ಅವರ ಭಾವಮೈದುನ ತನ್ನ ಮಗಳಿಗೆ ಗಂಡು ನೋಡಲು ಇವರನ್ನೂ ಕರೆದುಕೊಂಡು ಹೋಗಿದ್ದ. ಹುಡುಗ ಬಂದ, ನಮಸ್ಕಾರ ಮಾಡಿದ, ಬೆಂಗಳೂರಿನ ಟ್ರಾಫಿಕ್ಕಿನ ಬಗ್ಗೆ ಎರಡು ಮಾತಾಡಿ ಒಳಗೆ ಹೋದ. ವಾಪಸ್ ಬರುವಾಗ ಕಾರಿನಲ್ಲಿ ಭಾವಮೈದುನ ಕೇಳಿದ, ‘ಹೆಂಗೆ ಭಾವ, ಹುಡುಗ?’

‘ನೋಡಿದಷ್ಟರಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ.’

‘ಹಂಗಾದ್ರೆ ಮುಂದುವರಿಯೋಣ್ವಾ?’

‘ಸ್ಯಾಂಪಲ್ ಸಣ್ಣದಿತ್ತು ಮಾರಾಯ. ಇನ್ನೊಂದ್ಸಲ ತೆಗೆದು ನೋಡೋದು ಒಳ್ಳೇದು.’

ಹುಡುಗಿಯ ತಾಯಿ ಹಿಂದಿನ ಸೀಟಿನಿಂದ ಏನೋ ಅಂದರು. ಅದನ್ನು ಬರೆಯುವಂತಿಲ್ಲ. ಮದುವೆ ಆಯಿತು, ಜೋಡಿ ಚೆನ್ನಾಗಿದೆ. ಡಾಕ್ಟರ ಪ್ರಕಾರ ಇನ್ನೂ ಫಾಲೋ ಅಪ್ ಬೇಕು.

ಆದರೆ ಪ್ಲೇಟ್ಲೆಟ್ಟಿನ ಕಾಲದಲ್ಲಿ ಈ ಮನುಷ್ಯನನ್ನು ನೋಡಬೇಕು. ಮಲೆನಾಡಿನಲ್ಲಿ ಅದಕ್ಕೆ ಎರಡು ಸೀಸನ್ನು. ಬೇಸಿಗೆಯ ಕಡೆಗೆ ಮಂಗನ ಕಾಯಿಲೆ, 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದದ್ದು. ಮಳೆ ಹಿಡಿದ ಮೇಲೆ ಡೆಂಗಿ. ಎರಡರಲ್ಲೂ ಪ್ಲೇಟ್ಲೆಟ್ಟು ಇಳಿಯುತ್ತದೆ, ಮನೆಯವರ ಬಿ.ಪಿ. ಏರುತ್ತದೆ. ಆ ದಿನಗಳಲ್ಲಿ ಲ್ಯಾಬಿನ ಕೌಂಟರಿನ ಮುಂದೆ ಅಡಿಕೆ ಧಾರಣೆಯನ್ನೂ ಯಾರೂ ಕೇಳುವುದಿಲ್ಲ. ‘ಇವತ್ತೆಷ್ಟು?’ ಅಂದರೆ ಪ್ಲೇಟ್ಲೆಟ್ಟು.

ಕಳೆದ ಮಳೆಗಾಲದ ಒಂದು ರಾತ್ರಿ ಒಬ್ಬ ಹುಡುಗನ ರಕ್ತ ಬಂತು. ಜ್ವರ ಇಳಿದಿತ್ತು, ಹುಡುಗ ಮಂಚದ ಮೇಲೆ ಕೂತು ಮೊಬೈಲ್ ಒತ್ತುತ್ತಿದ್ದ. ಮೆಷಿನ್ನು 42,000 ಎಂದು ಮುದ್ರಿಸಿತು. ಇರಬೇಕಾದದ್ದು ಕನಿಷ್ಠ ಒಂದೂವರೆ ಲಕ್ಷ. ಹುಡುಗನ ಚಿಕ್ಕಪ್ಪ ಅಷ್ಟರಲ್ಲೇ ಪಪ್ಪಾಯಿ ಎಲೆ ಕೊಯ್ಯಲು ಒಬ್ಬನನ್ನು ಓಡಿಸಿ, ಕಿವಿ ಹಣ್ಣಿಗೆ ಇನ್ನೊಬ್ಬನನ್ನು ಕಳಿಸಿ, ರಕ್ತ ಕೊಡುವವರ ವಾಟ್ಸ್ಯಾಪ್ ಗ್ರೂಪಿನಲ್ಲಿ ‘ಅರ್ಜೆಂಟ್’ ಎಂದು ಹಾಕಿಬಿಟ್ಟಿದ್ದ. ಡಾಕ್ಟರು ಊಟದ ಕೈ ತೊಳೆದು, ಲುಂಗಿಯ ಮೇಲೆ ಬಿಳಿ ಕೋಟು ಹಾಕಿಕೊಂಡು ಕೆಳಗೆ ಬಂದರು. ಗಾಜಿನ ಮೇಲೆ ಒಂದು ಹನಿ ರಕ್ತ, ಇನ್ನೊಂದು ಗಾಜಿನ ಅಂಚಿನಿಂದ ಒಂದೇ ಎಳೆತ. ಒಣಗಿದ ಮೇಲೆ ಲೀಶ್‌ಮನ್ ಬಣ್ಣ, ಅದರ ಮೇಲೆ ಬಫರ್, ಗಡಿಯಾರ ನೋಡುತ್ತ ಕಾಯುವುದು, ನಲ್ಲಿಯಡಿ ತೊಳೆಯುವುದು. ಆಮೇಲೆ ಒಂದು ತೊಟ್ಟು ಎಣ್ಣೆ, ನೂರರ ಲೆನ್ಸು. ಎಡಗೈ ಫೋಕಸ್ಸಿನ ಮೇಲೆ, ಬಲಗೈ ಸ್ಲೈಡು ಸರಿಸುತ್ತ. ಉಸಿರೂ ಕೇಳದ ಹಾಗೆ ನೋಡಿದರು. ಸ್ಲೈಡಿನ ಬಾಲದ ಅಂಚಿಗೆ ಬಂದದ್ದೇ ಮುಖ ಅರಳಿತು.

‘ಹಾಂ! ಇಲ್ಲಿ ಗುಂಪು ಕಟ್ಕೊಂಡು ಕೂತಿದಾವೆ ನೋಡಿ!’

ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಇರುವ ಇಡಿಟಿಎ ಎಂಬ ರಾಸಾಯನಿಕಕ್ಕೆ ಕೆಲವರ ಪ್ಲೇಟ್ಲೆಟ್ಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗೆ ಗುಂಪಾದವನ್ನು ಮೆಷಿನ್ನು ಪ್ಲೇಟ್ಲೆಟ್ಟೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆಸಿದರು. ಎರಡು ಲಕ್ಷದ ಮೇಲೆ ಬಂತು. ಡಾಕ್ಟರು ಖುಷಿಯಿಂದ ಹೊರಗೆ ಬಂದು ಹೇಳಿದರೆ ಚಿಕ್ಕಪ್ಪನ ಮುಖ ಸಣ್ಣಗಾಯಿತು. ರಕ್ತ ಕೊಡಲು ಬಂದು ನಿಂತಿದ್ದ ಹುಡುಗರಿಗೆ ಏನು ಹೇಳುವುದು? ಕಿವಿ ಹಣ್ಣಿಗೆ ಕೊಟ್ಟ ದುಡ್ಡು? ಕೊನೆಗೆ ಅವನು ಗ್ರೂಪಿನಲ್ಲಿ ಬರೆದದ್ದು: ‘ಪಪ್ಪಾಯಿ ಎಲೆ ರಸದಿಂದ ಒಂದೇ ರಾತ್ರಿಯಲ್ಲಿ 42 ಸಾವಿರದಿಂದ ಎರಡು ಲಕ್ಷಕ್ಕೆ! ಎಲ್ಲರಿಗೂ ಶೇರ್ ಮಾಡಿ.’ ರಸವನ್ನು ಹುಡುಗ ಕುಡಿದೇ ಇರಲಿಲ್ಲ. ಆ ಸಂದೇಶ ಸುತ್ತಿ ಸುತ್ತಿ ಡಾಕ್ಟರ ರೋಟರಿ ಗ್ರೂಪಿಗೂ ಬಂತು. ಅವರು ಕೆಳಗೆ ಒಂದೇ ಮಾತು ಬರೆದರು. ಯಾವ ಮಾತೆಂದು ಹೇಳಬೇಕಿಲ್ಲ.

ಇಂಥವರನ್ನು ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂರಿಸಿಕೊಳ್ಳಬಾರದು. ಪೆಥಾಲಜಿಗೆ ಹೆಸರಿಟ್ಟ ಹಳೆಯ ಮಹಾನುಭಾವರು ಹೊಟ್ಟೆ ಹಸಿದಾಗಲೇ ಹೆಣ ಕೊಯ್ಯುತ್ತಿದ್ದರೋ ಏನೋ, ಅರ್ಧ ಶಾಸ್ತ್ರ ಅಡುಗೆಮನೆಯಿಂದ ಎದ್ದು ಬಂದದ್ದು. ರಕ್ತ ಕಟ್ಟಿದ ಲಿವರಿಗೆ ಜಾಯಿಕಾಯಿ ಲಿವರು, ಕೊಲೆಸ್ಟ್ರಾಲ್ ಕೂತ ಗಾಲ್‌ಬ್ಲಾಡರಿಗೆ ಸ್ಟ್ರಾಬೆರಿ, ಅಂಡಾಶಯದಲ್ಲಿ ಹಳೇ ರಕ್ತ ತುಂಬಿದ ಚೀಲಕ್ಕೆ ಚಾಕೊಲೇಟ್, ಟಿ.ಬಿ.ಯಲ್ಲಿ ಕೊಳೆತ ಭಾಗಕ್ಕೆ ಚೀಸು. ಕಾಲರಾ ಭೇದಿಗೆ ಅಕ್ಕಚ್ಚು. ನನ್ನ ಎಲೆಗೆ ಸಬ್ಬಕ್ಕಿ ಪಾಯಸ ಬಿದ್ದಾಗ ಡಾಕ್ಟರು ಬಗ್ಗಿ ಅದನ್ನೇ ನೋಡಿ, ‘ಅಮೈಲಾಯ್ಡ್ ಕೂತ ಗುಲ್ಮ ಕೊಯ್ದರೆ ಥೇಟ್ ಹಿಂಗೇ ಕಾಣುತ್ತೆ, ಸೇಗೋ ಸ್ಪ್ಲೀನ್ ಅಂತೀವಿ’ ಅಂದರು. ಆಮೇಲೆ ತಮ್ಮ ಪಾಯಸವನ್ನು ಎರಡು ಸಲ ಹಾಕಿಸಿಕೊಂಡು ಉಂಡರು. ನನ್ನದು ಎಲೆಯಲ್ಲೇ ಉಳಿಯಿತು.

ಊಟ ಆದ ಮೇಲೆ ಎಲೆ ಅಡಿಕೆ ತಟ್ಟೆ ಬರುತ್ತದಲ್ಲ, ಡಾಕ್ಟರ ಕಷ್ಟ ಶುರುವಾಗುವುದು ಅಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲಿ ಹೊರತಂದ ಸಂಪುಟದಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ಹೊಗೆಸೊಪ್ಪು ಇಲ್ಲದಿದ್ದರೂ ಸರಿ. ಒಳಗೆಲ್ಲ ಬಿಗಿದು ಎರಡು ಬೆರಳು ಹೋಗುವಷ್ಟೂ ತೆರೆಯದ ಬಾಯಿಗಳ ಚೂರು ಡಾಕ್ಟರ ಲೆನ್ಸಿನಡಿಗೆ ಬರುತ್ತಲೇ ಇರುತ್ತದೆ. ಇತ್ತ ರಾಶಿ, ಬೆಟ್ಟೆ, ಸರಕು, ಗೊರಬಲು ಇವುಗಳ ಧಾರಣೆಯ ಮೇಲೆ ಅವರ ಮನೆಯ ಮೇಲಿನ ಮಹಡಿ ಎದ್ದಿದೆ. ಮ್ಯಾಮ್ಕೋಸಿನ ಷೇರುದಾರರು ಯಾರಾದರೂ ‘ಡಾಕ್ಟ್ರೇ, ಅಡಿಕೆಯಿಂದ ಕ್ಯಾನ್ಸರ್ ಬರುತ್ತೆ ಅಂತಾರಲ್ಲ, ನಿಜವಾ?’ ಎಂದು ಕೇಳಿದರೆ ಡಾಕ್ಟರಿಗೆ ಆ ಕ್ಷಣಕ್ಕೆ ಫೋನ್ ಬರುತ್ತದೆ.

ಕಳೆದ ಕೊಯ್ಲಿನ ಹೊತ್ತಿಗೆ ತೀರ್ಥಹಳ್ಳಿ ಕಡೆಯ ಮಾವನ ಮನೆಗೆ ಹೋಗಿದ್ದರು. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ಮಾವ ಕವಳ ಉಗಿದು ಬಂದು, ‘ಕೆನ್ನೆ ಒಳಗೆ ಏನೋ ಉರಿ. ನೋಡಿ ಅಳಿಯಂದ್ರೇ’ ಎಂದು ಬಾಯಿ ತೆರೆದರು. ಡಾಕ್ಟರು ಮೊಬೈಲ್ ಟಾರ್ಚ್ ಹಿಡಿದರು. ಎಡಗೆನ್ನೆಯಲ್ಲಿ, ಕವಳ ಒತ್ತರಿಸಿ ಇಡುವ ಜಾಗದಲ್ಲೇ, ಬೆರಳಗಲದ ಬಿಳಿ ಮಚ್ಚೆ. ಅವರ ಹೆಂಡತಿಯೇ ಆಮೇಲೆ ನನಗೆ ಹೇಳಿದ್ದು, ಮದುವೆಯಾದಂದಿನಿಂದ ಅವರ ಬಾಯಲ್ಲಿ ಅಷ್ಟು ನೇರವಾದ ಮಾತು ಕೇಳಿರಲಿಲ್ಲವಂತೆ.

‘ಮಾವ, ಇದು ಕವಳದಿಂದಲೇ ಆಗಿದ್ದು. ಇವತ್ತಿಂದ ಕವಳ ಬಂದ್. ನಾಳೆ ಬೆಳಿಗ್ಗೆ ನನ್ನ ಜೊತೆ ಹೊರಡಿ, ಒಂದು ಚೂರು ತೆಗೆದು ನೋಡಲೇಬೇಕು.’

ಮಾವ ಬಾಯಿ ಮುಚ್ಚಿ, ಅಳಿಯನನ್ನು ಸ್ವಲ್ಪ ಹೊತ್ತು ನೋಡಿದರು. ‘ನೀವು ಹೇಳೋದೂ ಸರಿ ಇದ್ದೀತು. ಆದ್ರೂ ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಂಡು ಬಂದ್ಬಿಡ್ತೀನಿ.’

ತೋರಿಸಿಕೊಂಡೂ ಬಂದರು. ಆ ಡಾಕ್ಟರು ಕೆನ್ನೆಯಿಂದ ಒಂದು ಚೂರು ತೆಗೆದು, ಬಾಟಲಿಗೆ ಹಾಕಿ, ಅಳಿಯನ ಲ್ಯಾಬಿಗೇ ಕಳಿಸಿದರು. ಫಾರಮ್ಮಿನಲ್ಲಿ ಕೇಸ್ ಹಿಸ್ಟರಿಯ ಜಾಗ ಖಾಲಿ ಇತ್ತು.