ಮೋಲ್ ಮೇಷ್ಟ್ರು

ಕೊತ್ತಗೆರೆಯಿಂದ ಕುಣಿಗಲ್ಲಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ, ಅಂಗಿ ಜೇಬಿನ ಮೇಲೆ ಕಂದು ಕಲೆ ಇರುವವರು ಕಂಡರೆ ಎಲೆಅಡಿಕೆ ಎಂದುಕೊಳ್ಳಬೇಡಿ. ಅದು ಪೊಟ್ಯಾಸಿಯಂ ಪರ್ಮಾಂಗನೇಟ್. ಸೀಸೆಯಲ್ಲಿ ನೇರಳೆ, ಬಟ್ಟೆಗೆ ಬಿದ್ದರೆ ಕಂದು. ಆಕ್ಸಾಲಿಕ್ ಆಮ್ಲ ತಾಗಿಸಿದರೆ ಕಲೆ ಹೋಗುತ್ತದೆಂದು ಮೇಷ್ಟ್ರಿಗೆ ಗೊತ್ತು. ಆದರೆ ಪದಕವನ್ನು ಯಾರಾದರೂ ಒಗೆಯುತ್ತಾರೆಯೇ?

ಪಿಯುಸಿ ಹುಡುಗರು ಮೋರ್ಸ್ ಸಾಲ್ಟ್ ತೂಗುವಾಗ ಇವರು ಬೆನ್ನ ಹಿಂದೆಯೇ ನಿಂತಿರುತ್ತಾರೆ. 0.1 ಮೋಲಾರ್, 250 ಮಿಲಿ, ಅಂದರೆ 9.8 ಗ್ರಾಂ. ತೂಕ ತಪ್ಪಿದರೂ ಕ್ಷಮೆ ಉಂಟು. ಆದರೆ 250 ಮಿಲಿ ನೀರು ಅಳೆದು ಅದಕ್ಕೆ ಉಪ್ಪು ಸುರಿದವನಿಗೆ ಇಲ್ಲ. "ಮೊದಲು ಕರಗಿಸ್ರೋ, ಆಮೇಲೆ ಗೆರೆತನಕ ನೀರು! ನೀರು ಅಳೆದು ಸುರಿಯೋದು ನಿಮ್ಮಜ್ಜಿ ಕೆಲಸ!"

ಮನೆಯಲ್ಲೂ ಇದೇ ಪಾಠ. ಎಸರಿಟ್ಟು ಹಿಟ್ಟು ಹಾಕುವ ಹೆಂಡತಿಗೆ ಒಮ್ಮೆ ಹೇಳಿಯೂ ನೋಡಿದರು. "ಮುದ್ದೆ ದ್ರಾವಣ ಅಲ್ಲ ಕಣ್ರೀ" ಎಂದು ಆಕೆ ಕೋಲು ತಿರುವುತ್ತಲೇ ಇದ್ದರು.

ಇಂಥವರ ಕೈಗೆ ರಾಮನವಮಿ ಪಾನಕ ಸಿಕ್ಕಿತು. ಸಕ್ಕರೆಯ ಒಂದು ಮೋಲ್ 342 ಗ್ರಾಂ. ಅರ್ಧ ಮೋಲಾರ್ ಸಾಕೆಂದು ಲೆಕ್ಕ ಹಾಕಿ, 20 ಲೀಟರಿಗೆ 3 ಕೆಜಿ 420 ಗ್ರಾಂ ಬೆಲ್ಲ ಕೇಳಿದರು. "ಮೂರೂವರೆ ತಗೊಳ್ಳಿ ಸಾ" ಎಂದ ಅಂಗಡಿಯವನು. ಮೇಷ್ಟ್ರು ಅಚ್ಚನ್ನು ಮೂಸಿ ನೋಡಿ ನಿಟ್ಟುಸಿರಿಟ್ಟರು: "ಇದರಲ್ಲಿ ತೇವ ಇದೆ, ಗ್ಲೂಕೋಸ್ ಇದೆ. ಇದು ಪ್ರೈಮರಿ ಸ್ಟ್ಯಾಂಡರ್ಡೇ ಅಲ್ಲ." ಅಂಗಡಿಯವನು ಬೆಲ್ಲದ ಮಾನ ಉಳಿಸಲು ಎರಡು ನಿಂಬೆಹಣ್ಣು ಪುಕ್ಕಟೆ ಕೊಟ್ಟ.

ನೀರಿನ ಕ್ಯಾನಿಗೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದಾಯಿತು. ಬೆಲ್ಲ ಕರಗಿ, ಸೋಸಿ, ಕೊನೆಯ ನೀರು ತೊಟ್ಟು ತೊಟ್ಟಾಗಿ ಬಿತ್ತು. ಬಣ್ಣದ ದ್ರಾವಣವಾದ್ದರಿಂದ ಮೇಲಂಚನ್ನೇ ನೋಡಬೇಕು, ಅದೂ ಕಣ್ಣಿನ ಮಟ್ಟಕ್ಕೆ. ಮಂಡಿಯೂರಿ ಒಂದು ಕಣ್ಣು ಮುಚ್ಚಿದರು. ಚಪ್ಪರದಲ್ಲಿದ್ದ ಹೆಂಗಸರು, "ಪಾನಕಕ್ಕೂ ಅಡ್ಡ ಬೀಳ್ತಾರಲ್ಲ, ಎಂಥಾ ಭಕ್ತಿ!" ಎಂದು ತಾವೂ ಕೈಮುಗಿದರು.

ಮಧ್ಯಾಹ್ನ ಜನ ನುಗ್ಗಿತು. ಕ್ಯಾನನ್ನು ಹಂಡೆಗೆ ಬಗ್ಗಿಸಿದ್ದೇ ತಡ, ಬಡಿಸಲು ನಿಂತಿದ್ದ ಅಜ್ಜಿ ಇನ್ನೊಂದು ಕ್ಯಾನು ನೀರನ್ನೇ ಅದರ ಮೇಲೆ ಬೋರಲು ಹಾಕಿಬಿಟ್ಟರು. ಚಪ್ಪರವೇ ಉಸಿರು ಬಿಗಿಹಿಡಿಯಿತು. ಮೇಷ್ಟ್ರ ತುಟಿ ಅಲುಗಿತು, ಬೆರಳು ಗಾಳಿಯಲ್ಲಿ ಗುಣಿಸಿತು. ಆಮೇಲೆ ಮುಖ ಅರಳಿತು.

"ಕಾಲು ಮೋಲಾರ್! ನೀರು ಎಷ್ಟೇ ಹುಯ್ಯಿ ಅಜ್ಜಿ, ಹತ್ತು ಮೋಲು ಇತ್ತು, ಹತ್ತೂ ಹಾಗೇ ಇದೆ. ಒಂದೂ ಕಮ್ಮಿ ಆಗಿಲ್ಲ!"

ಸಾಲಿನಲ್ಲಿದ್ದ ಹುಡುಗನೊಬ್ಬ ಲೋಟ ಬರಿದು ಮಾಡಿ, ತಳ ನೋಡಿ ಕೇಳಿದ: "ಹತ್ತೂ ಯಾರ ಲೋಟಕ್ಕೆ ಹೋದ್ವು ಸಾ?"