‘ಇಲ್ಲ’ ಮಾಸ್ತರರ ಹೊಸ ಚಾಳೀಸು

ಜತ್ತ ತಾಲೂಕಿನ ಯಾವ ಊರಿಗೆ ಹೋದರೂ ಒಬ್ಬ ‘ಇಲ್ಲ’ ಮಾಸ್ತರರು ಸಿಗುತ್ತಾರೆ. ಜಿಲ್ಲಾ ಪರಿಷದ್ದಿನ ಕನ್ನಡ ಶಾಲೆಯಲ್ಲಿ ಆಯುಷ್ಯ ಸವೆಸಿ, ಸಾಂಗಲಿಯಿಂದ ಬಂದ ಮರಾಠಿ ಸುತ್ತೋಲೆಯಲ್ಲೂ ವಿಜಯಪುರದಿಂದ ಬಂದ ಕನ್ನಡ ಪೇಪರಿನಲ್ಲೂ ಸಮನಾಗಿ ತಪ್ಪು ಹುಡುಕಿದವರು. ಜಾತ್ರೆಯ ಪಟ್ಟಿ ಕೇಳಿದರೆ ಇಲ್ಲ. ಮ್ಹೈಸಾಳ ಯೋಜನೆಯ ನೀರು ಬಂತೇನ್ರಿ ಎಂದರೆ ಇಲ್ಲ. ಕಣ್ಣು ಮಂಜಾಯಿತೇ ಎಂದರಂತೂ ಇಲ್ಲವೇ ಇಲ್ಲ. “ನನ್ನ ಕಣ್ಣಿಗೇನ ಧಾಡಿ? ಈಗಿನ ಅಕ್ಷರನ ಸಣ್ಣ ಆಗ್ಯಾವ” ಎಂದು ಹೊಲದ ಸಾತ್‌ಬಾರಾ ಉತಾರವನ್ನು ತೋಳು ಮುಗಿಯುವ ತನಕ ದೂರ ಹಿಡಿಯುತ್ತಾರೆ.

ಸಂಖದ ಕಡೆಯ ನಮ್ಮ ಮಾಸ್ತರರು ತೋಳು ಸಾಲದಾದ ಮೇಲೆ ಮಿರಜಿನ ಬಸ್ಸು ಹತ್ತಿದರು. ನಡುವೆ ಗೆರೆ ಇರುವ ಚಾಳೀಸು ಬೇಡ. ಗೆರೆ ಕಂಡರೆ ವಯಸ್ಸು ಕಂಡೀತು. ಆದ್ದರಿಂದ ಪ್ರೊಗ್ರೆಸಿವ್. ಫ್ರಾನ್ಸಿನ ಬರ್ನಾರ್ ಮೇತನಾಜ್ ಮಾಡಿದ ಇದು 1959ರಲ್ಲಿ ‘ವಾರಿಲಕ್ಸ್’ ಎಂಬ ಹೆಸರಲ್ಲಿ ಮಾರಾಟಕ್ಕೆ ಬಂತು. ಮೇಲೆ ದೂರದ್ದು, ನಡುವೆ ತೋಳಳತೆಯದು, ಕೆಳಗೆ ಓದುವುದು. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಗೊತ್ತಾಗದು. ಮಾಸ್ತರರಿಗೆ ಹಿಡಿಸಿದ್ದೇ ಅದು. ರಾಜ್ಯಗಳು ಹಂಚಿಕೆಯಾದ 1956ರಿಂದ ಅವರ ಮನೆತನಕ್ಕೇ ಗಡಿಗೆರೆ ಎಂದರೆ ಆಗದು.

ಅಂಗಡಿಯವನು ಫ್ರೇಮು ಏರಿಸಿ, ಎರಡೂ ಪಾಪೆಗಳ ನೇರಕ್ಕೆ ಸ್ಕೆಚ್ ಪೆನ್ನಿನಿಂದ ಚುಕ್ಕೆ ಇಟ್ಟ. ಪಕ್ಕಕ್ಕೆ ನೋಡಬೇಕಾದರೆ ಕಣ್ಣು ಹೊರಳಿಸಬಾರದು, ಮುಖವನ್ನೇ ತಿರುಗಿಸಬೇಕು. ಮೆಟ್ಟಿಲಿಳಿಯುವಾಗ ಗದ್ದ ಎದೆಗೆ ತರಬೇಕು ಎಂದ. ಮಾಸ್ತರರು ಯಾರ ಪಾಠ ಕೇಳಿದವರು? ಊರ ಸ್ಟ್ಯಾಂಡಿನಲ್ಲಿ ಇಳಿಯುವಾಗ ಓದುವ ಭಾಗದಿಂದಲೇ ನೆಲ ನೋಡಿದರು. ನೆಲ ಮಸುಕಾಗಿ ಮೇಲೆದ್ದು ಬಂತು. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. “ಚಲಾ ಗುರುಜಿ!” ಎಂದು ಕಂಡಕ್ಟರ್ ಗಂಟೆ ಹೊಡೆದ.

ಅಸಲು ಅನಾಹುತ ಶುರುವಾದದ್ದು ಮರುದಿನ. ಗುಡ್ಡಾಪುರ ದಾನಮ್ಮನ ಪಾದಯಾತ್ರೆಯವರಿಗೆ ಊಟ ಹಾಕಲು ಹುಡುಗರು ಪಾವತಿ ಪುಸ್ತಕ ಹಿಡಿದು ಬಂದರು. “ಗುರುಗೋಳ, ಸಾವಿರದ ಒಂದು ಬರೀಲೇನ್ರಿ?” ಮಾಸ್ತರರು ಹುಡುಗನ ಮುಖ ನೋಡಲು ಗದ್ದ ಇಳಿಸಿದರು, ಪುಸ್ತಕ ನೋಡಲು ಏರಿಸಿದರು, ಅಕ್ಷರ ಸಿಗದೆ ಮತ್ತೆ ಇಳಿಸಿದರು.

“ಹೂಂ ಅಂದ್ರಲೇ! ಬರಿ, ಬರಿ!”

ಅವರ ಹಳೆಯ ಆಯುಧವಾಗಿದ್ದ ಓರೆನೋಟವೂ ಹೋಯಿತು. ಗಾಜಿನ ಅಂಚಿನಲ್ಲಿ ಎಲ್ಲವೂ ಈಜಾಡುವುದರಿಂದ ಈಗ ಇಡೀ ಕುತ್ತಿಗೆ ತಿರುಗಿಸಿ ನೋಡುತ್ತಾರೆ. ತಲಾಠಿ ಇದನ್ನು ಮರ್ಯಾದೆ ಎಂದು ತಿಳಿದು ಚಹಾ ತರಿಸಿದ. 2022ರಲ್ಲಿ ಗಡಿ ತಂಟೆಯಿಂದ ಜತ್ತದ ಹಳ್ಳಿಗಳು ಎರಡೂ ರಾಜ್ಯಗಳ ಪೇಪರಿಗೆ ಏರಿದಾಗ ಎರಡೂ ಕಡೆಯ ಪುಢಾರಿಗಳಿಗೆ ‘ಇಲ್ಲ’ ಎಂದ ಗಂಡಾಳು, ಈಗ ಬೆಳಿಗ್ಗೆ ಕರ್ನಾಟಕದವರ ಮನವಿಗೂ ಸಂಜೆ ಮಹಾರಾಷ್ಟ್ರದವರ ಮನವಿಗೂ ತಲೆಯಾಡಿಸಿ ಕಳಿಸುತ್ತಾರೆ. ಮೇತನಾಜನಿಗೆ ನಮ್ಮ ಗ್ರಾಮಪಂಚಾಯತಿ ಒಂದು ಶಾಲು ಹೊದಿಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಮರ್ಮ ಮೊದಲು ತಿಳಿದದ್ದು ಮನೆಯವರಿಗೆ. ಮಾಸ್ತರರು ಮೊಬೈಲಿಗೂ ಗೋಡೆಯ ಕ್ಯಾಲೆಂಡರಿಗೂ ತಲೆ ಏರಿಳಿಸುತ್ತಿದ್ದ ಹೊತ್ತು ನೋಡಿ, “ಏನ್ರಿ, ತಂಗಿ ಮಗಳ ಲಗ್ನಕ್ಕ ಒಂದ ತೊಲಿ ಬಂಗಾರ ಹಾಕೂಣಲ್ರಿ?” ಎಂದು ಕೇಳಿ, ಉತ್ತರ ಕಣ್ಣಾರೆ ಪಡೆದು ಒಳಗೆ ಹೋದರು.

ಬಂಗಾರದ ದರ ಕೇಳಿದ ಮೇಲೆ ಮಾಸ್ತರರು ಎಚ್ಚೆತ್ತರು. ಈಗ ಬಾಗಿಲಿಗೆ ಯಾರೇ ಬರಲಿ, ಮೊದಲು ಚಾಳೀಸು ತೆಗೆದು ಕಿಸೆಗೆ ಹಾಕುತ್ತಾರೆ, ಎದುರಿಗಿರುವವರು ಯಾರೆಂದು ಕಾಣದಿದ್ದರೂ ಗಟ್ಟಿಯಾಗಿ ‘ಇಲ್ಲ’ ಎನ್ನುತ್ತಾರೆ. ಮೊನ್ನೆ ಪಿಂಚಣಿಯ ಸ್ಪೀಡ್ ಪೋಸ್ಟ್ ಪತ್ರ ಹಿಡಿದು ಹೊಸ ಪೋಸ್ಟ್‌ಮನ್ ಬಂದಿದ್ದ.

“ಮಾಸ್ತರ ಮನ್ಯಾಗ ಅದಾರೇನ್ರಿ?”

“ಇಲ್ಲ!”

ಆತ ಲಕೋಟೆಯ ಮೇಲೆ ಹಾಗೆಯೇ ಬರೆದುಕೊಂಡು ಸೈಕಲ್ ಹತ್ತಿದ.